ಸವೆಯಲು ಒಪ್ಪಿದ್ದು

ಮೂರು ವಾರದಿಂದ ಮುಂದಿನ ಬಲಗಾಲಿ ಹಾಡುತ್ತಿದೆ.
ಹಾಡು ಅನ್ನುವುದು ಮರ್ಯಾದೆಗೆ.
ಪಿಯಾನೋ ಶ್ರುತಿ ಮಾಡುವವಳ ಕಿವಿ, ಸುಮ್ಮನಿರುತ್ತದೆಯೇ?
ತಾರಸ್ಥಾಯಿಯ ಪಂಚಮಕ್ಕೆ ಕೂದಲೆಳೆಯಷ್ಟು ಕೆಳಗೆ
ಏರದೆ, ಇಳಿಯದೆ ನಿಂತ ಚೀರು,
ಕೊಜೋರಿ ಬೆಟ್ಟದ ಪ್ರತಿ ತಿರುವಿನಲ್ಲೂ.
ಸಂಗೀತಶಾಲೆಯ ಗೇಟಿನಲ್ಲಿ ಮಕ್ಕಳು ಕಿವಿ ಮುಚ್ಚಿ ನಗುತ್ತವೆ:
"ಗುಲೀಕೋ ಬಂದಳು!"

ಶನಿವಾರ. ತ್ಬಿಲಿಸಿಯ ಬಿಡಿಭಾಗಗಳ ಸಂತೆ.
ಹಿಮ ಕರಗಿದ ಕೆಸರು.
ಬಾಗಿಲುಗಳದೇ ಒಂದು ಸಾಲು, ಕನ್ನಡಿಗಳದೇ ಒಂದು ಓಣಿ,
ಯಾವುದೋ ಕಾರಿನಿಂದ ಕಿತ್ತ ಕಣ್ಣುಗಳು ಗೋಣಿಯ ಮೇಲೆ
ಬರುವವರನ್ನೆಲ್ಲ ನೋಡುತ್ತ.
ಚರ್ಚು ಕಂಡಲ್ಲೆಲ್ಲ ಸ್ಟೀರಿಂಗ್ ಬಿಟ್ಟು
ಮೂರು ಸಲ ಶಿಲುಬೆ ಹಾಕಿಕೊಳ್ಳುವವರ ಊರು ನಮ್ಮದು,
ಬ್ರೇಕಿನ ವ್ಯಾಪಾರಕ್ಕೆ ಬರವಿಲ್ಲ.

ರಮಾಜನ ಅಂಗಡಿಯೆಂದರೆ ಹಡಗಿಳಿದ ಒಂದು ಕಬ್ಬಿಣದ ಡಬ್ಬ,
ಒಳಗೊಂದು ಒಲೆ, ಒಲೆಯ ನೆತ್ತಿಯಲ್ಲಿ ನಿನ್ನೆಯ ರೊಟ್ಟಿ.
ಓಪೆಲ್ ಎಂದೆ, ವರ್ಷ ಹೇಳಿದೆ.
ಎದುರಿಗೆ ಮೂರು ಪೆಟ್ಟಿಗೆ ಇಟ್ಟ.

ಮೊದಲನೆಯದು ಹೆಸರಿಲ್ಲದ ಹಳದಿ ರಟ್ಟು.
ಮೂಸಿದೆ. ಸುಟ್ಟ ಚಪ್ಪಲಿ.
"ಕಾಸಿಗೆ ತಕ್ಕ ಕಜ್ಜಾಯ. ಪೇಟೆಯೊಳಗೆ ಸಾಕು.
ಬೆಟ್ಟ ಇಳಿಯುವಾಗ ಕಾವೇರಿತೋ, ಕೈಬಿಡುತ್ತದೆ."

ಎರಡನೆಯದು ಸೆರಾಮಿಕ್, ನುಣುಪು, ಬೂದು.
ಗಾಲಿಗೆ ಮಸಿ ಹಿಡಿಸದು, ಉಸಿರೆತ್ತದು.
"ನಿನ್ನ ಕಿವಿಗೆ ಹೇಳಿ ಮಾಡಿಸಿದ್ದು," ಅಂದ.
ಬೆಲೆ ಹೇಳುವಾಗ ಮಾತ್ರ
ಒಲೆಯ ಕಡೆ ತಿರುಗಿ ರೊಟ್ಟಿ ಮಗುಚಿದ.

ಮೂರನೆಯದರಲ್ಲಿ ಲೋಹದ ಚೂರು ಮಿನುಗುತ್ತಿತ್ತು.
ಚಳಿಯಲ್ಲೂ ಕಚ್ಚುತ್ತದೆ, ಕಾವಿನಲ್ಲೂ ಕಚ್ಚುತ್ತದೆ,
ಗೊಣಗುತ್ತದೆ, ಡಿಸ್ಕನ್ನು ತುಸು ಬೇಗ ತಿನ್ನುತ್ತದೆ.

ನಾನು ಸೆರಾಮಿಕ್ಕಿಗೆ ಕೈ ಚಾಚುವಷ್ಟರಲ್ಲಿ
ಸೋದರಳಿಯ ಹಳೆಯ ಜೋಡಿ ಬಿಚ್ಚಿ ತಂದ.
ಹೊರಗಿನದು ಇನ್ನೂ ಅರ್ಧ ಉಳಿದಿದೆ.
ಒಳಗಿನದು,
ಯಾರೂ ಬಗ್ಗಿ ನೋಡದ ಆ ಕಡೆಯದು,
ಸಿಗರೇಟು ಪೊಟ್ಟಣದ ರಟ್ಟಿನಷ್ಟು.

"ಜಾರಬೇಕಾದ ಪಿನ್ನು ತುಕ್ಕು ಹಿಡಿದಿದೆ. ಆಚೆಯವನು
ಹೊರೆ ಹೊರಲೇ ಇಲ್ಲ, ಎಲ್ಲ ಇವನ ಮೇಲೆ.
ಅದನ್ನು ಉಜ್ಜಿ ಗ್ರೀಸು ಹಚ್ಚದೆ
ಯಾವ ಪೆಟ್ಟಿಗೆ ಒಯ್ದರೇನು?"
ಆಮೇಲೆ ಅಂಚಿನ ಪುಟ್ಟ ಉಕ್ಕಿನ ನಾಲಿಗೆ ತೋರಿಸಿದ:
"ಮುಗಿಯುತ್ತ ಬಂದಾಗ ಕೂಗಲೆಂದೇ ಇಟ್ಟದ್ದು.
ಮೂರು ವಾರ ಕೂಗಿದೆ, ಅಮ್ಮಣ್ಣಿ.
ನೀನು ಏನು ಮಾಡುತ್ತಿದ್ದೆ?"

ಸ್ವರ ಗುರುತಿಸುತ್ತಿದ್ದೆ, ಎನ್ನಲಿಲ್ಲ.

ತಂತಿಗೂ ಬ್ರೇಕು ಇದೆ ಎಂದು ದಿನವೂ ಬಲ್ಲವಳು ನಾನು:
ಉಣ್ಣೆಯ ಪುಟ್ಟ ದಿಂಬು, ನಾದದ ಮೇಲೆ ಇಳಿದು ಕೂರುತ್ತದೆ.
ತಾಗುವ ಎರಡರಲ್ಲಿ ಒಂದು
ಸವೆಯಲು ಒಪ್ಪಿರಬೇಕು.
ಎಷ್ಟು ಶಾಲೆಗಳಲ್ಲಿ ಆ ದಿಂಬು ಬದಲಾಯಿಸಿ
ಹಳೆಯದನ್ನು ನೋಡದೆಯೇ ಬುಟ್ಟಿಗೆ ಹಾಕಿದ್ದೇನೆ.

"ಈ ಸೆರಾಮಿಕ್ಕಿಗೆ ನಾಲಿಗೆ ಇದೆಯೇ?"
"ಈ ಕಂಪನಿಯದಕ್ಕಿಲ್ಲ."
ಮೂರನೆಯದನ್ನೇ ಕೊಂಡೆ. ಗೊಣಗಲಿ.

ಅರವತ್ತಕ್ಕೆ ಏರಿಸು, ಇಪ್ಪತ್ತಕ್ಕೆ ಇಳಿಸು,
ಪೂರ್ತಿ ನಿಲ್ಲಬೇಡ, ಹತ್ತು ಸಲ,
ಹೊಸದಕ್ಕೂ ಡಿಸ್ಕಿಗೂ ಪರಿಚಯವಾಗಬೇಕು ಎಂದಿದ್ದ.
ಖಾಲಿ ರಸ್ತೆಯಲ್ಲಿ ಹಾಗೇ ಮಾಡಿದೆ.
ಬೇಲಿಯ ಬಳಿ ಕಟ್ಟಿಗೆ ಸೀಳುತ್ತಿದ್ದವನು
ನಾಲ್ಕನೆಯ ಸಲಕ್ಕೆ ಕೊಡಲಿ ಕೆಳಗಿಟ್ಟ,
ಏಳನೆಯದಕ್ಕೆ ಹೆಂಡತಿಯನ್ನು ಕರೆದ.

ಸೋಮವಾರ ಗೇಟಿನಲ್ಲಿ ಯಾರೂ ತಲೆ ಎತ್ತಲಿಲ್ಲ.
ತುಸು ಬೇಸರವಾಯಿತು, ಸುಳ್ಳೇಕೆ.
ಸವೆದ ಒಳಗಿನದು ನನ್ನ ಚೀಲದಲ್ಲಿದೆ,
ಶ್ರುತಿಕವೆಯ ಪಕ್ಕ.
ಉಗುರಿನಿಂದ ತಟ್ಟಿದರೆ ಠಣ್ ಎನ್ನುತ್ತದೆ.
ಯಾವ ಸ್ವರವೆಂದು
ಇನ್ನೂ ಕೇಳಿಕೊಂಡಿಲ್ಲ.